ತೂಕದ ಚೀಟಿಯ ಹಿಂಬದಿ

ಹಾಸನದ ಮಾರ್ಕೆಟ್ ಯಾರ್ಡಿನಲ್ಲಿ ನನ್ನದು ತೂಕ ಬರೆಯುವ ಕೆಲಸ.
ಮೇ ತಿಂಗಳು. ಜಲಂಧರದ ಬಿತ್ತನೆ ಆಲೂಗಡ್ಡೆ ಹೊತ್ತ ಲಾರಿಗಳು
ಗೇಟು ದಾಟಿ ರಸ್ತೆವರೆಗೂ ಸಾಲು.
ಒಂದು ಲಾರಿ ಇಳಿದು ಇನ್ನೊಂದು ಹತ್ತುವಷ್ಟರಲ್ಲಿ
ರದ್ದಾದ ಚೀಟಿಗಳ ಹಿಂಬದಿಯಲ್ಲಿ
ಒಬ್ಬ ಕಳ್ಳನನ್ನು ಬರೆಯುತ್ತೇನೆ.

ಹೆಸರು ಸಣ್ಣೀರ. ಊರು ಮೊಸಳೆ.
ಊರಿನ ಹೆಸರೇ ಹಾಗೆ, ನಾನಿಟ್ಟದ್ದಲ್ಲ.
ಒಂದು ಕಾಲಿಗೆ ಹವಾಯಿ, ಇನ್ನೊಂದಕ್ಕೆ ಬೂಟು,
ಎರಡೂ ಬೇರೆ ಬೇರೆ ಮದುವೆಮನೆಯವು.

ಮೊದಲು ಅವನನ್ನು ಒಳ್ಳೆಯವನಾಗಿ ಮಾಡಿದೆ.
ದಲ್ಲಾಳಿಯ ಮೂಟೆ ಕದ್ದು ಬಡವರಿಗೆ ಹಂಚಿದ.
ಹಂಚಿ ಕೈಕಟ್ಟಿ ನಿಂತ,
ಶಾಲಾ ವಾರ್ಷಿಕೋತ್ಸವದ ಮುಖ್ಯ ಅತಿಥಿಯ ಹಾಗೆ.
ನನಗೆ ನಗು ಬರಲಿಲ್ಲ. ಅವನ ಹೊಟ್ಟೆಯೂ ತುಂಬಲಿಲ್ಲ.

ಆಮೇಲೆ ಬಾಯಿತುಂಬ ಮಾತು ಕೊಟ್ಟೆ, ಉಸಿರಿಗೊಂದು ಗಾದೆ.
ಮೂಟೆ ಹೊಲಿಯುವ ಸಾಕಮ್ಮ ಓದಿಸಿ ಕೇಳಿ
ಎಲೆಯಡಿಕೆ ಉಗಿದು ಅಂದಳು:
"ಇಷ್ಟ್ ಮಾತಾಡೋನ್ನ ಯಾರವ್ವ ನಂಬ್ತಾರೆ?
ಮೋಸ ಮಾಡೋನು ನಮ್ ಮಾತ್ ಕೇಳ್ತಾನೆ ಕಣವ್ವ.
ನಮ್ಮಾವ ತಲೆ ಆಡ್ಸಿ ಆಡ್ಸೀನೇ
ಎರಡೆಕ್ರೆ ಬರಸ್ಕೊಂಡ."

ಹರಿದೆ ಎಲ್ಲವನ್ನೂ. ಸಣ್ಣೀರ ಬಾಯಿ ಮುಚ್ಚಿದ.
ಮುಚ್ಚಿದ್ದೇ ತಡ ಹಸಿವಾಯಿತು,
ಹಸಿವಾದದ್ದೇ ತಡ ಕಾಲು ಬಂತು.
ಚೆನ್ನಾಜಮ್ಮನ ಜಗುಲಿಯಲ್ಲಿ ಕೂತು
ಅವಳ ಮಂಡಿನೋವನ್ನು ಇಡೀ ಮಧ್ಯಾಹ್ನ ಕೇಳಿದ,
ಸಂಜೆಗೆ ಒಂದು ಮೂಟೆ ಬಿತ್ತನೆ ಹೊತ್ತು ಹೊರಟ.
"ಮಾರಿ ದುಡ್ಡು ತತ್ತೀನಿ ಕಣಜ್ಜಿ."

ಅಲ್ಲಿ ನಿಂತಿತು ಪೆನ್ನು. ಎರಡು ದಿನ.
ಮುದುಕಿಗೆ ಟೋಪಿ ಹಾಕಿ ನಾನು ನಗಲಾರೆ,
ಅವನನ್ನು ವಾಪಸು ಕರೆದರೆ ಕಥೆಯೇ ಇಲ್ಲ.

ಮೂರನೆಯ ದಿನ, ಪಂಜಾಬಿನ ಲಾರಿಗೆ ತೂಕ ಬರೆಯುವಾಗ
ಹೊಳೆಯಿತು.
ಇಲ್ಲ, ಹೊಳೆಯಲಿಲ್ಲ, ಚೆನ್ನಾಜಮ್ಮನೇ ಅಂದಳು:
"ಮೂಟೆ ಬಿಚ್ಚಿ ನೋಡವ್ವ."
ಮೇಲೆ ಎರಡು ಬೊಗಸೆ ಆಲೂಗಡ್ಡೆ,
ಕೆಳಗೆಲ್ಲ ಹೊಳೆಯ ಗುಂಡುಕಲ್ಲು.

ಅದನ್ನು ಹೊತ್ತು ಹಾಸನದವರೆಗೂ ನಡೆದು ಬಂದ ಸಣ್ಣೀರ,
ಒಂದು ಬೂಟು, ಒಂದು ಹವಾಯಿ,
ಟಪ್ ಚಟ್, ಟಪ್ ಚಟ್,
ನನ್ನ ಕಾಟಾದ ಮೇಲೇ ಇಳಿಸಿ ಬಿಚ್ಚಿದ.
ನಾನು ನಕ್ಕೆ. ಸಾಕಮ್ಮ ನಕ್ಕು ನಕ್ಕು ಸೂಜಿ ಕಳೆದುಕೊಂಡಳು.
ಅವನು ನಗಲಿಲ್ಲ.

"ಅಕ್ಕಾ, ನಿಮ್ ಕಾಟಾಗೆ ಕಲ್ಲೇನು, ಗಡ್ಡೆಯೇನು?
ಎಷ್ಟು ತೂಗ್ತದೋ ಅಷ್ಟು ಬರ್ಕೊಡಿ."
ಐವತ್ತು ಕೆಜಿ. ಸುಳ್ಳೇನಿಲ್ಲ.
ಕೈಗೆ ಸಿಕ್ಕ ಚೀಟಿಯಲ್ಲಿ ಬರೆದು ಕೊಟ್ಟೆ,
ಕಿವಿ ಹಿಂದೆ ಸಿಕ್ಕಿಸಿಕೊಂಡು ದಲ್ಲಾಳಿ ಅಂಗಡಿ ಕಡೆ ನಡೆದ.

ಅವನು ತಿರುವು ದಾಟಿದ ಮೇಲೆ ನೆನಪಾಯಿತು:
ಆ ಚೀಟಿಯ ಹಿಂಬದಿಯಲ್ಲೇ ಇತ್ತು
ಕಥೆಯ ಕೊನೆ.