ಬಿಟ್ಟರೂ ನಡೆಯುತ್ತದೆ

ಲಗ್ಗೆರೆ ಬ್ರಿಡ್ಜ್ ಪಕ್ಕ, ಜೆರಾಕ್ಸ್ ಅಂಗಡಿಯ ಮೇಲೆ
ಭಾನುವಾರದ ಇಂಗ್ಲಿಷ್ ಕ್ಲಾಸು.
ಫಿಲೋಮಿನಾ ಮಿಸ್ಸು ಬೋರ್ಡಿನ ಮೇಲೆ ಬರೆದರು:
‘ಶಿ ಸ್ಟಿಚ್ಡ್ ಕಾಲರ್ಸ್
ಕ್ವಿಕ್ಲಿ, ಇನ್ ಪೀಣ್ಯ, ಯೆಸ್ಟರ್‌ಡೇ.’

ಹೇಗೆ, ಎಲ್ಲಿ, ಯಾವಾಗ. ಅದೇ ಕ್ರಮವಂತೆ.
ನಮ್ಮಲ್ಲಿ ಇವೆಲ್ಲ ಮೊದಲೇ ಬಂದು
ಕ್ರಿಯಾಪದಕ್ಕೆ ಕಾಯುತ್ತವೆ,
ಫ್ಯಾಕ್ಟರಿ ಗೇಟು ತೆಗೆಯುವ ಮುಂಚೆ
ನಾವು ಚಳಿಯಲ್ಲಿ ನಿಂತ ಹಾಗೆ.
ಅವರಲ್ಲಿ, ಕೆಲಸ ಮುಗಿದ ಮೇಲೆ
ಹಿಂದಿನ ಬಾಗಿಲಿಂದ ಹತ್ತುತ್ತವೆ.

ಮಿಸ್ಸು ಡಸ್ಟರು ಎತ್ತಿಕೊಂಡು
ತುದಿಯಿಂದ ಒಂದೊಂದೇ ಒರೆಸಿದರು.
‘ನೋಡಿ, ಇವನ್ನು ಬಿಟ್ಟರೂ ವಾಕ್ಯ ನಡೆಯುತ್ತದೆ.’

ನಡೆಯುತ್ತದೆ.
ನನ್ನ ಸಂಬಳದ ಚೀಟಿ ಹಾಗೇ ನಡೆದಿದೆ ಒಂಬತ್ತು ವರ್ಷ:
ಹಾಜರಿ ಇಷ್ಟು, ಪಿಎಫ್ ಇಷ್ಟು, ಕೈಗೆ ಇಷ್ಟು.
ಒಂದೇ ಸಮನೆ,
ಬಾತ್‌ರೂಮಿಗೆ ಹೋಗಬೇಕಾದೀತೆಂದು ನೀರು ಕುಡಿಯದೆ,
ಸೂಪರ್‌ವೈಸರ್ ಬೆನ್ನ ಹಿಂದೆ ನಿಂತಿರುವಾಗ,
ಮಗುವಿಗೆ ಜ್ವರ ಬಂದಿದ್ದರೂ
ಎಂಬುದನ್ನೆಲ್ಲ
ಯಾರೋ ಆಗಲೇ ಒರೆಸಿದ್ದಾರೆ.
ಬೋರ್ಡಿನ ಮೇಲೆ ಬರೀ
‘ಶಿ ಸ್ಟಿಚ್ಡ್ ಕಾಲರ್ಸ್.’
ಮೈತುಂಬ ಸೀಮೆಸುಣ್ಣದ ಮಬ್ಬು.

ಪಕ್ಕದ ಮುಬೀನಾ ಕೈಯೆತ್ತಿದಳು:
‘ಬಿಡದಿದ್ದರೆ, ಮಿಸ್? ಎಷ್ಟು ಸೇರಿಸಬಹುದು?’
‘ಎಷ್ಟು ಬೇಕಾದರೂ,’ ಅಂದರು,
ಗಡಿಯಾರ ನೋಡುತ್ತ.

ಮುಬೀನಾ ಪೆನ್ನಿನ ಕ್ಯಾಪು ತೆಗೆದಳು.