ಒಂಟಿ ಸೀನು

ಮಂಗಳವಾರ ಟಿಕೆಟ್ಟು ಅರ್ಧ ದುಡ್ಡು.
ಶೆಫೀಲ್ಡಿನ ಏರು ಇಳಿಜಾರುಗಳಲ್ಲಿ
ನಸುಕಿನ ಐದರಿಂದ ಬಸ್ಸು ಹತ್ತಿಸಿ ಇಳಿಸಿ,
ಕ್ಲಚ್ಚೇ ಇಲ್ಲದ ಗಾಡಿಯಲ್ಲೂ
ಎಡಗಾಲು ಒತ್ತುವ ಹಳೆ ಚಟ ಬಿಡದೆ,
ಮಧ್ಯಾಹ್ನ ಡಿಪೋದಿಂದ ಹೊರಬಿದ್ದು ನಾನು, ಮೊರೀನ್
ಯೂನಿಫಾರ್ಮಿನ ಮೇಲೊಂದು ಕೋಟು ಎಳೆದುಕೊಂಡು
ಹೋಗಿ ಕೂತೆವು.
ಒಟ್ಟು ಒಂಬತ್ತು ಜನ,
ಅದರಲ್ಲೊಬ್ಬ ನಿದ್ದೆಗೆಂದೇ ಬಂದವನು.

ನಾಯಕನ ಶಕ್ತಿಯೆಲ್ಲ ಮೂಗಿನಲ್ಲಿ.
ಸೀನಿದರೆ ಗೋಡೆ ಉರುಳುತ್ತದೆ, ಕಳ್ಳರು ತರಗೆಲೆ.
ಕಷ್ಟವೆಂದರೆ ಅವನಿಗೆ ಅಲರ್ಜಿ ಇರುವುದು
ಅವನದೇ ಹೆಗಲಿನ ಕೆಂಪು ಕೇಪಿಗೆ.
ಸೀನಿಗೊಂದು ಸೀನು, ಅಂದುಕೊಂಡೆ.
ಇದನ್ನು ಮೊರೀನಳಿಗೆ ಹೇಳುವುದು ಹೇಗೆ?
ಒಬ್ಬಳೇ ನಕ್ಕೆ.
ಅವಳು ಟಾಫಿ ಪೊಟ್ಟಣ ಈಚೆ ಚಾಚಿದಳು.

ಮೊದಲರ್ಧ, ಸುಳ್ಳು ಹೇಳಬಾರದು, ಚೆನ್ನಾಗಿದೆ.
ಅದರಲ್ಲೂ ಕಾಸು ಹಾಕಿ ಬಟ್ಟೆ ಒಗೆಯುವ ಆ ಅಂಗಡಿ:
ಕೇಪು ಒಳಗೆ ಗಿರ್ರೆಂದು ತಿರುಗುತ್ತಿದೆ,
ಲೋಕೋದ್ಧಾರಕ ಹೊರಗೆ ಚಡ್ಡಿಯಲ್ಲಿ ಕೂತಿದ್ದಾನೆ.
ಪಕ್ಕದ ಮುದುಕಿ ಅವನನ್ನೇನೂ ಕೇಳುವುದಿಲ್ಲ,
ಒಂಟಿ ಕಾಲುಚೀಲಕ್ಕೆ ಜೋಡಿ ಹುಡುಕುತ್ತಿದ್ದಾಳೆ.
ಅವನೂ ಎದ್ದು ಹುಡುಕುತ್ತಾನೆ, ಮಂಡಿಯೂರಿ, ಮಷೀನಿನ ಸಂದಿಯಲ್ಲಿ.
ಸಿಗುವುದಿಲ್ಲ.
ಸಂಗೀತವಿಲ್ಲ, ಭಾಷಣವಿಲ್ಲ.
ಆ ನಾಲ್ಕು ನಿಮಿಷಕ್ಕೇ ನನ್ನ ಪೌಂಡು ವಸೂಲು.

ಆಮೇಲೆ ಯಾರೋ ಹೆದರಿದ್ದಾರೆ, ನಾವು ಎದ್ದು ಹೋದೇವೆಂದು.
ಕಂಪ್ಯೂಟರಿನಲ್ಲೇ ಕಟ್ಟಿದ ಊರನ್ನು
ಕಂಪ್ಯೂಟರಿನಲ್ಲೇ ಕೆಡವಿದರು, ನಲವತ್ತು ನಿಮಿಷ.
ಪರವಾಗಿಲ್ಲ, ಮಕ್ಕಳಿಗೆ ಬೇಕಲ್ಲ.
ಆದರೆ ಒಂದು ಡಬ್ಬಲ್ ಡೆಕ್ಕರ್ ಹಾರಿತು.
ಅವನ ಸೀನಿಗೆ ಗಾಳಿಪಟದಂತೆ ಎದ್ದಿತು.
ಮೇಲಿನ ಮಹಡಿಯವರನ್ನು ಒಬ್ಬೊಬ್ಬರಾಗಿ ಇಳಿಸಿದ,
ಕೆಳಗಿನವರನ್ನೂ; ಒಂದು ನಾಯಿಯನ್ನೂ ಹಿಡಿದ,
ಮೂಗೊರೆಸಿಕೊಂಡು ಒಂದು ಜೋಕು ಹೊಡೆದ.
ಬಸ್ಸು ನದಿಗೆ ಬಿತ್ತು.
ಒಂಬತ್ತರಲ್ಲಿ ಏಳು ಜನ ನಕ್ಕರು.

ಡ್ರೈವರು?

ನಾನು ಹಿಂದೆ ಓಡಿದೆ, ಮನಸ್ಸಿನಲ್ಲೇ:
ಸ್ಟೇರಿಂಗು ಕಂಡಿತ್ತು, ಕೈ ಕಂಡಿರಲಿಲ್ಲ.

ನಮ್ಮ ಗದಗಿನ ಕಡೆ ದೊಡ್ಡಾಟದಲ್ಲಿ
ಸಾರಥಿಯೆಂದರೆ ನಗಿಸುವವನು.
ರಾಜ ಮೀಸೆ ತಿರುವಿ "ಎಲೈ ಸಾರಥಿ" ಅಂದರೆ
ಇವನೊಂದು ಅಡ್ಡಮಾತು ಒಗೆದು
ಕಿರೀಟದ ಗಾಳಿ ತೆಗೆಯುತ್ತಾನೆ.
ಅವನು ಕೇಳದಿದ್ದರೆ ರಾಜನಿಗೆ ಹೆಸರೂ ಇಲ್ಲ, ಊರೂ ಇಲ್ಲ,
ಯುದ್ಧವಂತೂ ಹೊರಡುವುದೇ ಇಲ್ಲ.
ಇಲ್ಲಿ ಇಷ್ಟು ಕೋಟಿ ಸುರಿದು
ಸಾರಥಿಗೊಂದು ಮುಖ ತರಲಿಲ್ಲ.

"ಟೀಗೆ ಇಳಿದಿರಬೇಕು ಬಿಡೇ ರೂಡಿ," ಅಂದಳು ಮೊರೀನ್.
ರುದ್ರವ್ವ ಅವಳ ನಾಲಿಗೆಯಲ್ಲಿ ನಿಲ್ಲುವುದು ಅಷ್ಟೇ.
ಮೂವತ್ತೊಂದು ವರ್ಷ ಓಡಿಸಿದವಳು, ಹೇಳಿದಳೆಂದರೆ ನಂಬಬೇಕು.
ಆದರೂ ಕೂತೆವು, ಹೆಸರುಗಳು ಮುಗಿಯುವ ತನಕ.
ಕೂದಲು ಬಾಚಿದವರು, ಹೊಗೆ ಎಬ್ಬಿಸಿದವರು,
ನಾಯಿಗೆ ಅನ್ನ ಹಾಕಿದವರು,
ಕೊನೆಗೆ, ಇರುವೆ ಸಾಲಿನಷ್ಟು ಸಣ್ಣಗೆ,
ಗಾಡಿ ಓಡಿಸಿದವರು: ಹದಿನಾಲ್ಕು ಮಂದಿ.
ಓದುವಷ್ಟರಲ್ಲಿ ಮೇಲೆ ಹೋಗಿಬಿಟ್ಟರು.
ಮೊರೀನ್ ಎದ್ದು ಕೋಟಿನ ಗುಂಡಿ ಹಾಕಿಕೊಳ್ಳುತ್ತ
ಪರದೆಗೆ ಹೇಳಿದಳು, "ಟಾ, ಲವ್."
ಈ ಊರಿನವರು ಬಸ್ಸಿಳಿಯುವಾಗ ಹೇಳುವ ಹಾಗೆಯೇ.

ಹೇಗಿತ್ತು ಎಂದು ಡಿಪೋದಲ್ಲಿ ಕೇಳಿದವರಿಗೆ
ಕಾಲುಚೀಲದ ತನಕ ನೋಡಿ, ಎದ್ದು ಬನ್ನಿ, ಅಂದೆ.
ಯಾರಿಗೂ ಅರ್ಥವಾಗಲಿಲ್ಲ.

ಬುಧವಾರ, ಐದೂ ಹತ್ತು, ಮೊದಲ ಟ್ರಿಪ್ಪು.
ಬಾಗಿಲು ಮುಚ್ಚಿ ಬ್ರೇಕಿನಿಂದ ಕಾಲೆತ್ತಬೇಕು,
ಹಿಂದಿನಿಂದ ಯಾರೋ ಸೀನಿದರು.
ಒಂದೇ.
ಒಂಟಿ ಸೀನಿಗೆ ಹೊರಡಬಾರದು ಅನ್ನುತ್ತಿದ್ದಳು ಅಜ್ಜಿ.
ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ.
ಕನ್ನಡಿಯಲ್ಲಿ ನೋಡಿದೆ: ಆಸ್ಪತ್ರೆ ಕಸಗುಡಿಸುವ ಮನುಷ್ಯ,
ಮೂಗಿನ ಮೇಲೆ ಬೆರಳು, ಬಾಯಿ ಅರ್ಧ ತೆರೆದು,
ಇನ್ನೊಂದು ಬರುತ್ತದೋ ಇಲ್ಲವೋ ಎಂದು ಕಾಯುತ್ತಿದ್ದಾನೆ.

ನಾನೂ ಕಾದೆ.
ಒಂದು ನಿಮಿಷ ಲೇಟು.