ಟೆಸ್ಟರ್

ಮಂಡಿಪೇಟೆಯ ಅಂಗಡಿ. ನೆಲಮಾಳಿಗೆ.
ಹತ್ತಕ್ಕೆ ಇಳಿದರೆ ರಾತ್ರಿ ಒಂಬತ್ತಕ್ಕೆ ಹತ್ತುತ್ತೇನೆ.
ಮೇಲೆ ಏಪ್ರಿಲ್, ಡಾಂಬರು ಚಪ್ಪಲಿಗೆ ಅಂಟುವ ಹೊತ್ತಲ್ಲಿ
ನನ್ನ ತಲೆಯ ಮೇಲೆ ಆರು ಟ್ಯೂಬ್‌ಲೈಟು,
ಒಂದು ಮಾತ್ರ ಕಣ್ಣು ಹೊಡೆಯುತ್ತದೆ.

ಎಡಗಡೆಯ ಸಾಲು ಬಿಸಿಲು ತಡೆಯುವುದಕ್ಕೆ.
ಬಲಗಡೆ, ಕಂಪನಿಯವರು ಹೋದ ವಾರ ಇಟ್ಟುಹೋದದ್ದು,
ಹಳದಿ ಮುಚ್ಚಳದ ಪುಟ್ಟ ಸೀಸೆ: ವಿಟಮಿನ್ ಡಿ.
ಮೂವತ್ತು ಎಂಎಲ್‌ಗೆ ಏಳುನೂರಾ ತೊಂಬತ್ತೊಂಬತ್ತು.
ಹೇಳಬೇಕಾದ ಮಾತನ್ನೂ ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ:
"ಮೇಡಂ, ಇದು ಸೀಸೆಯೊಳಗಿನ ಎಳೆಬಿಸಿಲು."

ನಮ್ಮ ಬೀದಿಯ ಹಿಂದಿನ ಮಂಡಕ್ಕಿ ಭಟ್ಟಿಯ ಜೈತುನ್‌ಬಿ
ಸೊಸೆಗೆ ಕಾಡಿಗೆ ಕೊಳ್ಳಲು ಬಂದವಳು
ಸೀಸೆ ಎತ್ತಿ ಬೆಳಕಿಗೆ ಹಿಡಿದಳು.
"ಇದ್ರಾಗೇನೈತವ್ವಾ?"
ಹೇಳಿದೆ.
"ಮತ್ತೆ ಆ ಕಡೇದು?"
ಅದನ್ನೂ ಹೇಳಿದೆ.
ನಕ್ಕಳು, ರೆಪ್ಪೆಯ ಮೇಲೆ ಕೂತ ಹೊಟ್ಟಿನ ಧೂಳು ಅಲುಗುವಷ್ಟು.
"ಒಂದು ಕೈಲಿ ಕಿಟಕಿ ಹಾಕ್ತೀರಿ,
ಇನ್ನೊಂದು ಕೈಲಿ ಅದನ್ನೇ ಮಾರ್ತೀರಿ!"
ಕಾಡಿಗೆಗೆ ಇಪ್ಪತ್ತು ಕೊಟ್ಟು ಹೋದಳು.

ನಾನು ಹೇಳದೆ ಉಳಿದದ್ದು,
ಪರ್ಸಿನಲ್ಲಿ ಮಡಿಸಿಟ್ಟ ಲ್ಯಾಬಿನ ಚೀಟಿ.
ಮೂವತ್ತು ಇರಬೇಕಾದಲ್ಲಿ ಒಂಬತ್ತು.
ಮೆಟ್ಟಿಲು ಹತ್ತಿದರೆ ಮೊಣಕಾಲು ಚುಳ್ಳೆನ್ನುತ್ತದೆ ಎಂದದ್ದಕ್ಕೆ
ಡಾಕ್ಟರು ಬರೆದದ್ದು ವಾರಕ್ಕೊಂದು ಪೊಟ್ಟಣ, ಹಾಲಿನಲ್ಲಿ.
"ದಾವಣಗೆರೆಯಲ್ಲಿ ಬಿಸಿಲಿಗೇನಮ್ಮ ಬರ?" ಎಂದು
ತಾವೂ ಟ್ಯೂಬ್‌ಲೈಟಿನ ಕೆಳಗೇ ಕೂತು ಕೇಳಿದ್ದರು.

ಗಿರಾಕಿ ಇಲ್ಲದ ಮೂರು ಗಂಟೆಗೆ
ಟೆಸ್ಟರಿನಿಂದ ಒಂದು ಹನಿ ಮುಂಗೈಗೆ.
ತಣ್ಣಗಿತ್ತು.
ಬಿಸಿಲು ಇಷ್ಟು ತಣ್ಣಗಿರುತ್ತದೆಯೇ,
ಅದಕ್ಕೆ ಕಿತ್ತಳೆಸಿಪ್ಪೆಯ ವಾಸನೆ ಇರುತ್ತದೆಯೇ,
ಮರೆತಿದ್ದೆ.

ಮಂಗಳವಾರ ರಜೆ.
ಭಟ್ಟಿಯ ಮುಂದಿನ ಬಯಲಲ್ಲಿ ಜೈತುನ್‌ಬಿ
ಬೇಯಿಸಿದ ಭತ್ತ ಹರವಿ ಕಾಲಲ್ಲೇ ಸಾಲು ಗೀರುತ್ತಿದ್ದಳು.
ನಾನು ಗೋಡೆಗೆ ಬೆನ್ನು ಕೊಟ್ಟು
ತೋಳು ಮೊಣಕೈ ದಾಟಿಸಿ ಮಡಿಸಿ ಕೂತೆ.
ಯಾರಾದರೂ ನೋಡಿದರೆ ಇರಲಿ ಎಂದು
ಕೈಯಲ್ಲೊಂದು ಫೋನು, ಸುಮ್ಮನೆ.

ಅವಳು ಏನೂ ಕೇಳಲಿಲ್ಲ.
ಭತ್ತ ತಿರುವುತ್ತ ತಿರುವುತ್ತ ನನ್ನ ತನಕ ಬಂದು
"ಮಗ್ಗಲು ಬದಲಿಸವ್ವಾ" ಎಂದಳು,
"ಒಂದೇ ಕಡೆ ಕಾದ್ರೆ ಕಾಳು ಅರಳಲ್ಲ."